ಮೂಗು ನಿಲ್ಲುವ ಕೆಲಸ

ಮಾರ್ಚ್ 3, ಸೋಮವಾರ

ಕಂಪನಿಯ ಕಲ್ಯಾಣಾಧಿಕಾರಿ ಮೇಡಂ ಬಂದು ಹೋಗಿ ಎರಡು ಗಂಟೆಯಾಯಿತು. ಅವರು ಹಾಕಿಕೊಂಡಿದ್ದ ಸೆಂಟು ಮಾತ್ರ ಇನ್ನೂ ಹೋಗಿಲ್ಲ. ಕಿಟಕಿ ತೆಗೆದಿಟ್ಟಿದ್ದೇನೆ. ಅವರು ಕೂತ ಕುರ್ಚಿಗೂ, ತಂದಿಟ್ಟ ಬಿಸ್ಕತ್ತಿನ ಡಬ್ಬಿಗೂ ಅದೇ ವಾಸನೆ ಅಂಟಿಕೊಂಡಿದೆ.

ಅಪ್ಪ ಹೋಗಿ ಇವತ್ತಿಗೆ ಇಪ್ಪತ್ತು ದಿನ. ಕಂಪನಿ ನಡೆಸುವ ಪಂಪ್‌ಹೌಸಿನಲ್ಲಿ ಊರಿನ ಕೊಳಚೆಯೆಲ್ಲ ಹರಿದು ಬಂದು ಒಂದು ಆಳವಾದ ಬಾವಿಗೆ ಬೀಳುತ್ತದೆ. ಅಲ್ಲಿಂದ ಪಂಪು ಅದನ್ನು ಎತ್ತಿ ಮುಂದಕ್ಕೆ ತಳ್ಳುತ್ತದೆ. ಪಂಪಿನ ಬಾಯಿಗೆ ಚಿಂದಿ, ಕೂದಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡರೆ ಯಾರಾದರೂ ಇಳಿದು ಬಿಡಿಸಬೇಕು. ಅಪ್ಪ ಹದಿನೇಳು ವರ್ಷ ಇಳಿದರು, ಹತ್ತಿದರು. ಅವತ್ತು ಹತ್ತಲಿಲ್ಲ. ಏಣಿಯ ಕೊನೆಯ ಮೆಟ್ಟಿಲಲ್ಲಿ ಕೈ ಬಿಟ್ಟರಂತೆ.

ಮೇಡಂ ಬಾಗಿಲಲ್ಲಿ ಒಂದು ಗಳಿಗೆ ನಿಂತು, ನಮ್ಮ ನೆಲ ನೋಡಿ, ಬೂಟು ಬಿಚ್ಚದೆಯೇ ಒಳಗೆ ಬಂದರು. "ನಿನ್ನ ತಂದೆ ಹೆಸರಲ್ಲೇ ಒಂದು ವಿದ್ಯಾರ್ಥಿವೇತನ ಶುರು ಮಾಡ್ತಿದೀವಿ ಪುಟ್ಟಾ. ಮೊದಲನೇದು ನಿಂಗೇ. ಕೊನೇ ವರ್ಷದ ಖರ್ಚು ಪೂರ್ತಿ ನಮ್ದು. ಓದು ಮುಗಿದ ಮಾರನೇ ದಿನ ನಮ್ಮ ಆಫೀಸಲ್ಲೇ ಇಂಜಿನಿಯರ್ ಕೆಲಸ."

ಒಂದು ಅರ್ಜಿ ಕೊಟ್ಟರು. ಅದರಲ್ಲಿ ಮುಖ್ಯವಾದದ್ದು ಒಂದೇ ಕಾಲಂ. "ನಿಮ್ಮ ಹಿನ್ನೆಲೆ ಮತ್ತು ವೃತ್ತಿಗುರಿಯನ್ನು ಐನೂರು ಪದಗಳಲ್ಲಿ ಬರೆಯಿರಿ."

"ಅವಳಿಗೇ ಅಂತ ಆದ್ಮೇಲೆ ಅರ್ಜಿ ಯಾಕೆ ಮೇಡಂ?" ಎಂದು ಅಮ್ಮ ಕೇಳಿದಳು.

"ಕಾಗದ ಅಂತ ಒಂದು ಬೇಕಲ್ಲಮ್ಮಾ."

ಅವರು ಹೋದ ಮೇಲೆ ಅಮ್ಮ "ಒಳ್ಳೇ ಹೆಂಗಸು" ಎಂದಳು. ನನಗೆ ವಾಕರಿಕೆ ಬಂದು ಬಚ್ಚಲಿಗೆ ಹೋದೆ. ಹಿಂದೆ ಅಪ್ಪ ಕೆಲಸ ಮುಗಿಸಿ ಬಂದಾಗಲೂ ನನಗೆ ಹೀಗೇ ಆಗುತ್ತಿತ್ತು. ಅದು ನೆನಪಾಗಿ ಇನ್ನೂ ಹೆಚ್ಚು ಬಂತು.

ಯಾರ ಹತ್ತಿರವೂ ಮಾತಾಡಲು ಮನಸ್ಸಿಲ್ಲ. ಅದಕ್ಕೇ ಯಂತ್ರ ವಿನ್ಯಾಸದ ನೋಟ್‌ಬುಕ್ಕಿನ ಹಿಂಬದಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ 5, ಬುಧವಾರ

ಕಾಲೇಜಿಗೆ ಹೋದೆ. ಹಿನ್ನೆಲೆ ಮತ್ತು ವೃತ್ತಿಗುರಿ ಬರೆಯುವುದು ಹೇಗೆ ಎಂದು ಕೇಳಿದ್ದಕ್ಕೆ, ಪಕ್ಕದ ಬೆಂಚಿನವಳು ಸೀನಿಯರ್‌ಗಳು ಬರೆದ ಏಳು ಮಾದರಿಗಳನ್ನು ಕಳಿಸಿದಳು. ಏಳು ಜನರೂ ಚಿಕ್ಕಂದಿನಲ್ಲಿ ಮನೆಯ ಗಡಿಯಾರ ಬಿಚ್ಚಿದ್ದರಂತೆ. ಏಳೂ ಜನರ ತಂದೆ "ಕಷ್ಟಜೀವಿ". ಏಳೂ ಜನರಿಗೆ ಸಮಾಜಕ್ಕೆ ಏನನ್ನಾದರೂ ಮರಳಿ ಕೊಡಬೇಕಾಗಿದೆ. ಒಬ್ಬನೂ ಅಪ್ಪನ ಕೆಲಸ ಏನೆಂದು ಬರೆದಿಲ್ಲ. ಓದುತ್ತಾ ಓದುತ್ತಾ, ಯಾರೋ ಅಗಿದು ಉಗಿದದ್ದನ್ನು ನನ್ನ ಬಾಯಿಗೆ ಹಾಕಿಕೊಂಡ ಹಾಗಾಯಿತು.

ನಾನು ಬರೆದದ್ದು ಇಷ್ಟು: "ನನ್ನ ತಂದೆ ಪಂಪ್‌ಹೌಸಿನಲ್ಲಿ ಬಾವಿಗೆ ಇಳಿಯುವ ಕೆಲಸ ಮಾಡುತ್ತಿದ್ದರು. ಫೆಬ್ರವರಿ ಹನ್ನೊಂದರಂದು ಅಲ್ಲೇ ಸತ್ತರು. ನಾನು ಸಾಧಾರಣ ಶಾಲೆಯಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಮೆಕ್ಯಾನಿಕಲ್ ಇಂಜಿನಿಯರಿಂಗಿನ ಮೂರನೇ ವರ್ಷದಲ್ಲಿದ್ದೇನೆ."

ಗುರಿ? ಇತ್ತು. ಎತ್ತರದ ಕಟ್ಟಡ, ಗಾಜಿನ ಗೋಡೆ, ಮೇಜಿನ ಮೇಲೊಂದು ಕಂಪ್ಯೂಟರು. ಸಂಜೆ ಕೈ ತೊಳೆಯದೆ ಮನೆಗೆ ಬರಬಹುದಾದ ಕೆಲಸ. ಅಪ್ಪನ ಕೆಲಸದಿಂದ ಆದಷ್ಟು ದೂರ ಇರುವುದು ಯಾವುದೋ ಅದು. ಇದನ್ನು ಬರೆಯಲಾಗುತ್ತದೆಯೇ?

ಮಾರ್ಚ್ 9, ಭಾನುವಾರ

ವಾಲ್ವ್ ಮಾವ ಬಂದಿದ್ದ. ನಮಗೆ ಸಂಬಂಧಿಯೇನಲ್ಲ, ಅಪ್ಪನ ಪಾಳಿಯವನು. ವಾಲ್ವು ತಿರುಗಿಸಿ ತಿರುಗಿಸಿ ಒಂದು ಭುಜ ಇನ್ನೊಂದಕ್ಕಿಂತ ದಪ್ಪಗಾಗಿದೆ. ಆ ಹೆಸರು ಇಟ್ಟದ್ದು ನಾನೇ, ಆರು ವರ್ಷದವಳಿದ್ದಾಗ.

ಎಂದಿನಂತೆ ತಮಾಷೆ ಮಾಡಲು ನೋಡಿದ. "ಏನಮ್ಮಾ ಇಂಜಿನಿಯರ್, ನಮ್ಮ ಹಳೇ ಪಂಪಿಗೆ ಹೃದಯದ ಆಪರೇಷನ್ ಯಾವಾಗ ಮಾಡ್ತೀಯಾ? ಆರು ತಿಂಗಳಿಂದ ಕೆಮ್ತಾ ಕೂತಿದೆ." ಯಾರೂ ನಗಲಿಲ್ಲ. ಅವನೂ ನಿಲ್ಲಿಸಿದ.

ಆಮೇಲೆ ಅಪ್ಪನ ವಿಷಯ ತೆಗೆದ. "ಭಾರ ಎತ್ತೋವಾಗ ಮೊಣಕಾಲು ಬಗ್ಗಿಸ್ಬೇಕು, ಸೊಂಟ ಬಗ್ಗಿಸ್ಬಾರ್ದು ಅಂತ ನೀನು ಹೇಳಿದ್ಯಂತೆ. ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾಡಿಸಿದ ಮಾರಾಯ. ನನ್ನ ಮಗಳು ಹೇಳಿದಾಳೆ, ನನ್ನ ಮಗಳು ಹೇಳಿದಾಳೆ ಅಂತ ಒಂದು ವಾರ ತಲೆ ತಿಂದ. ಈಗ್ಲೂ ಪಾಳಿಯವರೆಲ್ಲ ಹಂಗೇ ಎತ್ತೋದು."

ಅಮ್ಮ ಊಟ ಬಡಿಸಿದಳು. ಅವನು ತಟ್ಟೆಯ ಮುಂದೆ ಕೂತೇ ಬಾವಿಯ ಮಾತಿಗೆ ಇಳಿದ. ಕೆಳಗೆ ಏನೇನು ತೇಲುತ್ತದೆ, ಪಂಪಿನ ರೆಕ್ಕೆಗೆ ಏನು ಸುತ್ತಿಕೊಂಡಿತ್ತು. ಮೇಲೆ ಒಬ್ಬ 'ಮೂಗು ನಿಲ್ಲುವುದು' ಎಂದರೆ ಏನು ಎಂದು ಶುರು ಮಾಡಿದ. ನಾನು ತಟ್ಟೆಯನ್ನು ಅರ್ಧಕ್ಕೇ ಸರಿಸಿದೆ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಅಮ್ಮ "ಅವಳು ಮೊದಲಿಂದ್ಲೂ ಹಂಗೇ ಅಣ್ಣಾ, ತಪ್ಪು ತಿಳ್ಕೋಬೇಡ" ಎನ್ನುವುದು ಕೇಳಿಸಿತು.

ಮಾರ್ಚ್ 14, ಶುಕ್ರವಾರ

ಕಂಪನಿಯ ಆಫೀಸಿಗೆ ಕರೆಸಿದ್ದರು. ಐದನೇ ಮಹಡಿ. ಗಾಜಿನ ಗೋಡೆ.

ಮೇಡಂ ನನ್ನ ಮೂರು ಸಾಲು ಓದಿ ನಕ್ಕರು. "ಇದು ಪೊಲೀಸ್ ರಿಪೋರ್ಟ್ ಥರ ಇದೆ ಪುಟ್ಟಾ. ಓದಿದವರ ಕಣ್ಣಲ್ಲಿ ನೀರು ಬರ್ಬೇಕು. ಆದ್ರೆ ಮೂಗು ಮುಚ್ಕೋಬಾರ್ದು." ತಮ್ಮ ಮಾತು ತಮಗೇ ಹಿಡಿಸಿ ಇನ್ನೊಮ್ಮೆ ನಕ್ಕರು. ಕೆಂಪು ಪೆನ್ನು ತೆಗೆದು 'ಸತ್ತರು' ಎಂಬುದನ್ನು ಹೊಡೆದು 'ನಮ್ಮನ್ನು ಅಗಲಿದರು' ಎಂದು ಮಾಡಿದರು. 'ಬಾವಿಗೆ ಇಳಿಯುವ ಕೆಲಸ' ಹೋಗಿ 'ನಗರ ನೈರ್ಮಲ್ಯ ಸೇವೆ' ಬಂತು. ಕೊನೆಗೆ, ಮೊದಲೇ ಟೈಪು ಮಾಡಿಸಿಟ್ಟಿದ್ದ ಒಂದು ಸಾಲನ್ನು ಕತ್ತರಿಸಿ ಅಂಟಿಸಿದರು:

"ಸುರಕ್ಷತಾ ನಿಯಮಗಳನ್ನು ಪಾಲಿಸದೆ ಇಳಿದ ನನ್ನ ತಂದೆಯ ಒಂದು ಕ್ಷಣದ ಅಜಾಗರೂಕತೆ ನನಗೆ ಜೀವನದ ದೊಡ್ಡ ಪಾಠವಾಯಿತು."

"ಇದು ನಾನು ಬರೆದಿದ್ದಲ್ಲ" ಎಂದೆ.

"ಗೊತ್ತು. ಅದಕ್ಕೇ ನಾವು ಬರ್ಕೊಟ್ಟಿದೀವಿ."

"ಅಪ್ಪ ಯಾವ ನಿಯಮ ಮುರಿದ್ರು?"

"ನೋಡಮ್ಮಾ, ವಿಚಾರಣೆ ನಡೀತಿದೆ. ಮನೆಯವರೇ ಹೀಗೆ ಅಂತ ಬರ್ಕೊಟ್ರೆ ಎಲ್ಲಾ ಬೇಗ ಮುಗಿಯತ್ತೆ. ನಿಮಗೂ ನೆಮ್ಮದಿ." ಗಾಜಿನ ಲೋಟದಲ್ಲಿ ನೀರು ಕೊಟ್ಟರು, ಮೇಲೊಂದು ಮುಚ್ಚಳ.

ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿಕೊಂಡೆ. ಒಳಗೆಲ್ಲ ನಿಂಬೆಯ ಪರಿಮಳ, ಬಿಳೀ ಕಲ್ಲು, ಮಡಚಿಟ್ಟ ಪುಟ್ಟ ಟವೆಲ್ಲುಗಳು. ಗುಂಡಿ ಒತ್ತಿದರೆ ಎಲ್ಲವೂ ಸದ್ದಿಲ್ಲದೆ ಮಾಯ. ಎಲ್ಲಿಗೆ ಹೋಯಿತು ಎಂದು ಕೇಳುವವರು ಆ ಐದು ಮಹಡಿಯಲ್ಲಿ ಯಾರೂ ಇಲ್ಲ. ಅದು ನನಗೆ ಗೊತ್ತು.

ಮಾರ್ಚ್ 16, ಭಾನುವಾರ

ಅಮ್ಮನ ಜೊತೆ ಜಗಳ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಆ ಸಾಲು ಓದಿ ಹೇಳಿದೆ. ಪೆಡಲ್ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಬರ್ಕೊಡು."

"ಅಮ್ಮಾ, ಅಪ್ಪನದೇ ತಪ್ಪು ಅಂತ ನನ್ನ ಕೈಯಲ್ಲಿ ಬರೆಸ್ತಿದಾರೆ."

"ಬರೆದ್ರೆ ಅವರೇನು ಎದ್ದು ಬಂದು ನಿನ್ ಜೊತೆ ಜಗಳ ಆಡ್ತಾರಾ? ಇದಿಲ್ದಿದ್ರೆ ಕೊನೇ ವರ್ಷ ಹೆಂಗೆ ಓದ್ತೀಯಾ, ಅದನ್ನ ಹೇಳು. ಹದಿನೇಳು ವರ್ಷ ಆ ನರಕಕ್ಕೆ ಇಳಿದಿದ್ದು ಯಾರಿಗೋಸ್ಕರ ಅಂದ್ಕೊಂಡಿದೀಯಾ?"

"ನಿಂಗೆ ಹೇಸಿಗೆ ಆಗಲ್ವಾ?"

"ಅವರ ಬಟ್ಟೆ ಒಗೆದೋಳು ನಾನು. ನಿಂಗೆ ಹೇಸಿಗೆ ಅನ್ನೋದರ ಬಗ್ಗೆ ಏನೇ ಗೊತ್ತು?"

ಅವಳು ಬೇಡವಾದಳು, ಮನೆ ಬೇಡವಾಯಿತು, ನಾನು ನನಗೇ ಬೇಡವಾದೆ. ಸಂಜೆ ಅರ್ಜಿಯನ್ನು ಮತ್ತೆ ತೆಗೆದೆ.

ಮಾರ್ಚ್ 20, ಗುರುವಾರ

ಮೂರನೇ ಕರಡು ತೋರಿಸಿದೆ. 'ಅಜಾಗರೂಕತೆ' ತೀರಾ ಒರಟಾಗಿ ಕೇಳುತ್ತದೆ ಎಂದು 'ಮೈಮರೆವು' ಎಂದು ಬದಲಿಸಿದ್ದೆ. ಮೇಡಂಗೆ ಬಹಳ ಹಿಡಿಸಿತು. "ಎಷ್ಟು ಚೆಂದದ ಪದ! ನಿಂಗೆ ಬರವಣಿಗೆ ಕೈ ಹಿಡಿಯತ್ತೆ" ಎಂದರು. 'ನಿಯಮ ಪಾಲಿಸದೆ' ಹಾಗೇ ಇದೆ. ಅದು ಅವರಿಗೆ ಬೇಕೇ ಬೇಕು.

ವೃತ್ತಿಗುರಿಯ ಪ್ಯಾರಾ ಅವರೇ ಕೊಟ್ಟರು. ಚೆನ್ನಾಗಿಯೇ ಇದೆ.

ಮಾರ್ಚ್ 24, ಸೋಮವಾರ

ನಾಲ್ಕನೇ ಕರಡು. ಮೈಮರೆವಿನ ಸಾಲಿನಲ್ಲಿ ಒಂದು ಅಲ್ಪವಿರಾಮ ಹೆಚ್ಚಿತ್ತು, ತೆಗೆದೆ. ಈಗ ಓದಲು ಸಲೀಸು. ಸಮಾರಂಭಕ್ಕೆಂದು ಫೋಟೊ ತೆಗೆದರು. ಚಹಾ ಕುಡಿದೆ, ಎರಡು ಬಿಸ್ಕತ್ತು ತಿಂದೆ. ಮೇಡಂ ಹಾಕುವ ಸೆಂಟು ಯಾವುದೋ ಹೂವಿನದಂತೆ. ಹೆಸರು ಕೇಳಿದೆ, ಮರೆತೆ.

ಮಾರ್ಚ್ 27, ಗುರುವಾರ

ಏಪ್ರಿಲ್ ಏಳಕ್ಕೆ ಆಯ್ಕೆ ಸಮಿತಿಯ ಎದುರು ಓದಬೇಕು. ಬಾಯಿಪಾಠ ಆಗಿದೆ. 'ಮೈಮರೆವು' ಎಂಬಲ್ಲಿ ಸ್ವಲ್ಪ ನಿಲ್ಲಬೇಕಂತೆ.

ಮಾರ್ಚ್ 29, ಶನಿವಾರ

ಎಲ್ಲಿಂದ ಶುರು ಮಾಡಲಿ?

ಅರ್ಜಿಗೆ ಅಪ್ಪನ ನೌಕರಿ ಸಂಖ್ಯೆ ಬೇಕಿತ್ತು. ಅದು ಪಂಪ್‌ಹೌಸಿನ ಹಾಜರಿ ಪುಸ್ತಕದಲ್ಲಿದೆ ಎಂದರು. ಬೆಳಗ್ಗೆ ಹೋದೆ. ಹದಿನೇಳು ವರ್ಷದಲ್ಲಿ ನಾನು ಅದರ ಗೇಟು ದಾಟಿದ್ದು ಇದೇ ಮೊದಲು. ಒಳಗೆ ಹೋಗುತ್ತಲೇ ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯಿತು. ಕರವಸ್ತ್ರ ತೆಗೆದೆ.

ಒಂದು ಕೋಣೆಯಲ್ಲಿ ಎರಡು ಮೋಟಾರು. ಒಂದು ಓಡುತ್ತಿತ್ತು, ಇನ್ನೊಂದು ನಿಂತಿತ್ತು. ಹಿಂದಿನ ಅಂಗಳದಲ್ಲಿ ಬಾವಿಯ ಕಬ್ಬಿಣದ ಮುಚ್ಚಳ ಎತ್ತಿಟ್ಟಿದ್ದರು. ಅದರ ಅಂಚಿನಲ್ಲಿ ವಾಲ್ವ್ ಮಾವ ಮೊಣಕಾಲೂರಿ, ಕತ್ತು ಬಗ್ಗಿಸಿ, ಬಾಯಿ ಮುಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಕುಳ್ಳಣ್ಣ ಎಂದು ಎಲ್ಲರೂ ಕರೆಯುವ ನಡುವಯಸ್ಸಿನವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ.

"ಏನ್ ಮಾಡ್ತಿದೀಯಾ ಮಾವಾ?"

"ಶ್! ಮೂಗು ನಿಂತಿದೀನಿ."

ಕುಳ್ಳಣ್ಣ ವಿವರಿಸಿದ. "ಮುಚ್ಚಳ ತೆಗೆದ ಕೂಡ್ಲೇ ಇಳಿಯೋ ಹಂಗಿಲ್ಲಮ್ಮಾ, ಗ್ಯಾಸ್ ಇರತ್ತೆ. ಒಬ್ಬ ಮೂಗು ನಿಲ್ಬೇಕು. ವಾಸನೆ ಹೊಡೀತಿರೋವರ್ಗೂ ಯಾರೂ ಇಳಿಯೋದಿಲ್ಲ. ಅದು ಪೂರ್ತಿ ಹೋದ್ಮೇಲೆ ಅವನು 'ಬಿಟ್ಟಿದೆ' ಅಂತಾನೆ. ಆಮೇಲೆ ಇಳಿಯೋದು. ನಮ್ಮಲ್ಲಿ ಇವನ ಮೂಗಿಗೆ ಸಮ ಇಲ್ಲ."

"ಗ್ಯಾಸ್ ಮೀಟರ್ ಇಲ್ವಾ?"

"ಇದೆಯಲ್ಲ, ಮೀಸೆ ಮೇಲೆ" ಎಂದು ಕುಳ್ಳಣ್ಣ ನಕ್ಕ. "ಇದಕ್ಕೆ ಬ್ಯಾಟರಿನೂ ಬೇಡ."

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕರವಸ್ತ್ರದ ಮೂಲಕವೂ ನನಗೆ ನಾತ ಬರುತ್ತಿತ್ತು. ಅಷ್ಟರಲ್ಲಿ ಮಾವ ತಲೆಯೆತ್ತಿ, ದೊಡ್ಡದಾಗಿ ಉಸಿರೆಳೆದುಕೊಂಡು, ತೃಪ್ತಿಯಿಂದ "ಬಿಟ್ಟಿದೆ. ಇಳಿಯಪ್ಪಾ" ಎಂದ.

ಕುಳ್ಳಣ್ಣ ಏಣಿಗೆ ಕಾಲಿಟ್ಟ.

ಬಿಟ್ಟಿರಲಿಲ್ಲ. ನನಗೆ ಇನ್ನೂ ಹೊಡೆಯುತ್ತಿತ್ತು. ಆಗ ಒಂದು ಪ್ರಶ್ನೆಪತ್ರಿಕೆ ಕಣ್ಣ ಮುಂದೆ ಬಂತು. ನಾಲ್ಕನೇ ಸೆಮಿಸ್ಟರ್, ಪರಿಸರ ವಿಜ್ಞಾನ, ಎರಡು ಅಂಕದ ಪ್ರಶ್ನೆ: ಹೈಡ್ರೋಜನ್ ಸಲ್ಫೈಡ್ ಅನಿಲದ ಒಂದು ಅಪಾಯಕಾರಿ ಗುಣ ತಿಳಿಸಿ. ನನ್ನ ಉತ್ತರ: ಪ್ರಮಾಣ ಹೆಚ್ಚಾದಾಗ ಅದು ಮೂಗನ್ನು ಮರಗಟ್ಟಿಸುತ್ತದೆ. ಆಗ ವಾಸನೆಯೇ ತಿಳಿಯುವುದಿಲ್ಲ. ಎರಡಕ್ಕೆ ಎರಡು ಬಂದಿತ್ತು.

ಓಡಿ ಹೋಗಿ ಕುಳ್ಳಣ್ಣನ ಹಗ್ಗ ಹಿಡಿದು ಎಳೆದೆ. ಏನೆಂದು ಕೂಗಿದೆನೋ ಗೊತ್ತಿಲ್ಲ. ಅವನು ಎಡವಿ ಅಂಚಿನಲ್ಲೇ ಕುಕ್ಕರಿಸಿದ. "ಏನಮ್ಮಾ ಇದು, ಸಾಯಿಸ್ತೀಯಾ?" ಎಂದು ರೇಗಿದ.

"ಗ್ಯಾಸ್ ಹೋಗಿಲ್ಲ. ಮಾವನ ಮೂಗು ಹೋಗಿದೆ."

ಇಬ್ಬರೂ ನಕ್ಕರು. "ಇಪ್ಪತ್ತು ವರ್ಷದ ಮೂಗು ಕಣೇ ಇದು!" ಎಂದ ಮಾವ.

"ಹಾಗಾದ್ರೆ ನನ್ ಜೊತೆ ಗೇಟಿನವರ್ಗೂ ಬಾ. ಕಾಲು ಗಂಟೆ ಹೊರಗೆ ನಿಲ್ಲು. ಆಮೇಲೆ ಬಂದು ಮೂಸಿ ನೋಡು. ವಾಸನೆ ಬರ್ಲಿಲ್ಲ ಅಂದ್ರೆ ನಾನೇ ಇಳೀತೀನಿ."

ಹುಡುಗಿಯ ಹಟ ಎಂದು ಬಂದ. ರಸ್ತೆಯ ಬದಿಯಲ್ಲಿ ನಿಂತು, ಅಲ್ಲಿದ್ದ ಅಂಗಡಿಯವನ ಹತ್ತಿರ ಹರಟೆ ಹೊಡೆದ. ಕಾಲು ಗಂಟೆಯಾದ ಮೇಲೆ ಮರಳಿದೆವು. ಅಂಗಳಕ್ಕೆ ಕಾಲಿಡುವ ಮೊದಲೇ ಅವನು ಮುಖ ಕಿವುಚಿದ. ಅಲ್ಲೇ ನಿಂತುಬಿಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಕೈಯಿಂದ ಮೂಗು ಮುಚ್ಚಿಕೊಂಡ. ಅವನು ಮೂಗು ಮುಚ್ಚಿಕೊಂಡದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಕುಳ್ಳಣ್ಣ ಸೊಂಟದ ಹಗ್ಗ ಬಿಚ್ಚಿದ.

ಮಾವ ಗೋಡೆಗೆ ಒರಗಿ ಕೂತ. ನನ್ನನ್ನಲ್ಲ, ನೆಲವನ್ನು ನೋಡುತ್ತಾ ಹೇಳಿದ. "ಅವತ್ತು ಮೂಗು ನಿಂತಿದ್ದು ನಾನೇ ಕಣಮ್ಮ. ಅವನು ಇನ್ನೊಂದು ಹತ್ತು ನಿಮಿಷ ನೋಡು ಅಂದ. ನಾನೇ ಬಿಟ್ಟಿದೆ ಇಳಿಯೋ ಅಂದೆ."

ನೌಕರಿ ಸಂಖ್ಯೆ ಬರೆದುಕೊಳ್ಳದೆ ಬಂದೆ.

ಮಾರ್ಚ್ 30, ಭಾನುವಾರ

ಅಮ್ಮನಿಗೆ ಎಲ್ಲ ಹೇಳಿದೆ. ಮಾವನದು, ಮೂಗಿನದು, ಎರಡು ಅಂಕದ ಪ್ರಶ್ನೆಯದು. ಆ ಪರೀಕ್ಷೆ ಬರೆದು ಬಂದ ಸಂಜೆಯೂ ಚೆನ್ನಾಗಿ ನೆನಪಿದೆ. ಅಪ್ಪ ಹೊಸ್ತಿಲ ಮೇಲೆ ಕೂತು "ಇವತ್ತು ಏನ್ ಬರೆದೆ ಮಗಳೇ, ನಂಗೂ ಒಂಚೂರು ಹೇಳು" ಎಂದಿದ್ದರು. ಅವರು ಇನ್ನೂ ಸ್ನಾನ ಮಾಡಿರಲಿಲ್ಲ. "ನಿಮ್ಗೆ ಅರ್ಥ ಆಗಲ್ಲ ಅಪ್ಪಾ" ಎಂದು ಒಳಗೆ ಹೋಗಿದ್ದೆ.

ಅವರಿಗೆ ಅರ್ಥವಾಗದ್ದು ಏನಿತ್ತು? ಇಡೀ ಪುಸ್ತಕದಲ್ಲಿ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತಿದ್ದ ಸಾಲು ಅದೊಂದೇ.

ಅಮ್ಮ ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ನನ್ನ ತಲೆ ಸವರಿ, "ನೀನು ಹೇಳಿದ್ರೂ ಅವರು ಕೇಳ್ತಿದ್ರು ಅಂತೀಯಾ? ಬಿಡು, ಮನಸ್ಸಿಗೆ ಹಚ್ಕೋಬೇಡ" ಎಂದಳು.

ಸಮಾಧಾನಕ್ಕೆ ಹೇಳಿದ ಮಾತು. ಇಬ್ಬರಿಗೂ ಅದು ಸುಳ್ಳು ಎಂದು ಗೊತ್ತಿತ್ತು. ಕೇಳುತ್ತಿದ್ದರು. ಮಾರನೆಯ ದಿನವೇ ಪಾಳಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದರು. ನನ್ನ ಮಗಳು ಹೇಳಿದಾಳೆ ಎಂದು ವಾರವಿಡೀ ತಲೆ ತಿನ್ನುತ್ತಿದ್ದರು.

ಅಮ್ಮ ಕೈ ತೆಗೆದಳು. ಅವಳ ಮುಖವನ್ನು ನಾನು ನೋಡಲಿಲ್ಲ.

ಮಾರ್ಚ್ 31, ಸೋಮವಾರ

ನಾಲ್ಕೂ ಕರಡುಗಳನ್ನು ಒಟ್ಟಿಗಿಟ್ಟು ಓದಿದೆ. 'ಮೈಮರೆವು.' ಆ ಪದವನ್ನು ಹುಡುಕಲು ನಾನು ನಿಘಂಟು ತೆಗೆದಿದ್ದೆ. ಸಿಕ್ಕಾಗ ಖುಷಿಯಾಗಿತ್ತು. ಅಲ್ಪವಿರಾಮ ತೆಗೆದ ಗುರುತು ನನ್ನ ಕೈಯದೇ. ಈ ಕೈಯನ್ನು ಎಲ್ಲಿಗೆ ತೆಗೆದುಕೊಂಡು ಹೋಗಿ ತೊಳೆಯಲಿ?

ಏಪ್ರಿಲ್ 2, ಬುಧವಾರ

ವಾಲ್ವ್ ಮಾವನ ಮನೆಗೆ ಹೋಗಿದ್ದೆ. ಶನಿವಾರದಿಂದ ಕೆಲಸಕ್ಕೆ ಹೋಗಿಲ್ಲ, ಸರಿಯಾಗಿ ಉಂಡಿಲ್ಲ ಎಂದು ಅತ್ತೆ ಬಾಗಿಲಲ್ಲೇ ಹೇಳಿದರು. ಅವರಿಗೆ ಕಾರಣ ಗೊತ್ತಿಲ್ಲ.

ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಕೂತೆ.

"ಮಾವಾ, ನಾನು ಅಪ್ಪನ ವಿಷಯ ನಡೆದ ಹಾಗೇ ಬರೀತೀನಿ. ಬರೆದ್ರೆ ನಿನ್ನ ವಿಷಯ ಬರತ್ತೆ. ನೀನು ಬೇಡ ಅಂದ್ರೆ ಬರೆಯಲ್ಲ."

ತಿರುಗಲಿಲ್ಲ. "ಆ ಮೇಡಂ ಬರೆದಿರೋದು ನಂಗೆ ಒಳ್ಳೇದೇ ಅಲ್ವಾ? ಅವನದೇ ತಪ್ಪು ಅಂದ್ರೆ ನಾನು ಪಾರು."

"ಹೌದು."

"ಮುಂದಿನ ವಾರ ಕುಳ್ಳ ಇಳೀತಾನೆ. ಆಮೇಲೆ ನಾನು." ಎದ್ದು ಕೂತ. ಗಡ್ಡ ಬೆಳೆದಿತ್ತು. "ಬರಿ. ಮೂಗು ನಿಂತಿದ್ದು ನಾನು ಅಂತಾನೇ ಬರಿ. ಆದ್ರೆ ಬೇಕಂತ ಮಾಡಿದ್ದಲ್ಲ ಅಂತ ಒಂದು ಸಾಲು ಹಾಕ್ತೀಯಾ?"

"ಹಾಕ್ತೀನಿ. ನಂದೂ ಒಂದು ಸಾಲು ಇದೆ."

"ನಿಂದೇನೇ?"

ಹೇಳಿದೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಅಯ್ಯೋ ಕೂಸೇ" ಎಂದ. ಆಮೇಲೆ ಅತ್ತೆಯನ್ನು ಕೂಗಿ ಇಬ್ಬರಿಗೂ ಊಟ ಬಡಿಸಲು ಹೇಳಿದ. ಇಬ್ಬರೂ ಉಂಡೆವು.

ಏಪ್ರಿಲ್ 7, ಸೋಮವಾರ

ಐದನೇ ಮಹಡಿ. ಉದ್ದನೆಯ ಮೇಜಿನ ಆಚೆ ಮೂವರು. ಮಧ್ಯದಲ್ಲಿ ನಿವೃತ್ತ ಮುಖ್ಯ ಇಂಜಿನಿಯರ್, ಅವರ ಎರಡೂ ಬದಿ ಕಂಪನಿಯವರು. ಮೇಡಂ ಪಕ್ಕದಲ್ಲಿ ನಾಲ್ಕನೇ ಕರಡು ಹಿಡಿದು ನಿಂತಿದ್ದರು, ನಾನು ಎಲ್ಲಾದರೂ ತಡವರಿಸಿದರೆ ಹೇಳಿಕೊಡಲು.

ನಾನು ಬೇರೆ ಹಾಳೆ ತೆಗೆದೆ. ಎರಡನೇ ಸಾಲಿಗೆ ಮೇಡಂ ತಮ್ಮ ಕಾಗದದಲ್ಲಿ ಹುಡುಕತೊಡಗಿದರು. ನಾಲ್ಕನೇ ಸಾಲಿಗೆ ಹುಡುಕುವುದನ್ನು ಬಿಟ್ಟರು.

ಓದಿದ್ದು ಹೀಗೆ: ನನ್ನ ತಂದೆ ಕೊಳಚೆ ಬಾವಿಗೆ ಇಳಿಯುತ್ತಿದ್ದರು. ಅಲ್ಲಿ ಗ್ಯಾಸ್ ಮೀಟರ್ ಇಲ್ಲ. ಒಬ್ಬರು ಅಂಚಿನಲ್ಲಿ ಕೂತು ಮೂಸುತ್ತಾರೆ, ವಾಸನೆ ನಿಂತರೆ ಇನ್ನೊಬ್ಬರು ಇಳಿಯುತ್ತಾರೆ. ಅಲ್ಲಿರುವ ನಿಯಮ ಅದೊಂದೇ. ಅದನ್ನು ನನ್ನ ತಂದೆ ಪಾಲಿಸಿದರು, ಪಾಲಿಸಿದ್ದರಿಂದಲೇ ಸತ್ತರು. ಮೂಸಿದವರು ಅವರ ಗೆಳೆಯ, ಬೇಕೆಂದು ಮಾಡಿದ್ದಲ್ಲ. ಆ ಅನಿಲ ಮೂಗನ್ನೇ ಕೊಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪ ಕೇಳಿದಾಗ ನಾನು ಹೇಳಲಿಲ್ಲ. ಅವರಿಂದ ವಾಸನೆ ಬರುತ್ತಿತ್ತು, ಅದಕ್ಕೆ.

ಮುಗಿಸಿದೆ.

ಮಧ್ಯದವರು ಮೆಲ್ಲಗೆ ಕೇಳಿದರು. "ಹಾಗಾದ್ರೆ ಕಂಪನೀಲಿ ಇದು ಯಾರಿಗೂ ಗೊತ್ತಿರ್ಲಿಲ್ಲ ಅಂತೀಯಾ?"

"ನಿಮ್ಗೆ ಗೊತ್ತಿರತ್ತೆ ಸಾರ್. ನೀವೂ ಇಂಜಿನಿಯರಿಂಗ್ ಓದಿದೀರಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಗಾಜು ಶುಭ್ರವಾಗಿಯೇ ಇತ್ತು. ಒರೆಸುತ್ತಲೇ ಇದ್ದರು. ಆ ಮನುಷ್ಯನ ಮೇಲೆ ನನಗೆ ಬಂದಷ್ಟು ಅಸಹ್ಯ ಮೇಡಂ ಮೇಲೂ ಬಂದಿರಲಿಲ್ಲ. ಯಾಕೆಂದರೆ ಅವರು ಮಾಡಿದ್ದೂ ನಾನು ಮಾಡಿದ್ದೂ ಒಂದೇ.

ಎಡಗಡೆಯವರು ಹಾಳೆ ಮಗುಚಿ ನೋಡಿದರು. "ವೃತ್ತಿಗುರಿ ಎಲ್ಲಮ್ಮಾ? ಹಿನ್ನೆಲೆ ಮಾತ್ರ ಇದೆ."

ನಿಜ. ಬರೆದೇ ಇರಲಿಲ್ಲ. "ಮರೆತೆ ಸಾರ್" ಎಂದೆ.

ಹೊರಗೆ ಪಡಸಾಲೆಯಲ್ಲಿ ಮೇಡಂ ನನ್ನ ತೋಳು ಹಿಡಿದರು. "ನಿನ್ನ ಭವಿಷ್ಯಾನ ನಿನ್ನ ಕೈಯಾರೆ ಹಾಳು ಮಾಡ್ಕೊಂಡೆ. ಯಾರು ಹೇಳ್ಕೊಟ್ರು ನಿಂಗೆ ಇದೆಲ್ಲಾ?"

"ಸಿಲಬಸ್ಸಲ್ಲೇ ಇದೆ ಮೇಡಂ."

ಏಪ್ರಿಲ್ 10, ಗುರುವಾರ

ಕಂಪನಿಯಿಂದ ಪತ್ರ ಬಂತು. ಅರ್ಜಿ ತಿರಸ್ಕೃತ. ಕಾರಣ: "ವೃತ್ತಿಗುರಿ ನಮೂದಿಸಿಲ್ಲ." ಓದಿ ನಗು ಬಂತು. ಅಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡಳು. ಬೈಯಲಿಲ್ಲ. "ಒಂದು ವರ್ಷ ಬಿಟ್ಟು ಸೇರ್ಕೊಳಕ್ಕೆ ಆಗತ್ತಾ, ಕಾಲೇಜಲ್ಲಿ ಕೇಳು" ಎಂದಳು. ಕೊನೆಯ ವರ್ಷ ಸದ್ಯಕ್ಕೆ ಇಲ್ಲ.

ನಿನ್ನೆಯಿಂದ ಊರೆಲ್ಲ ನಾರುತ್ತಿದೆ. ಓಡುತ್ತಿದ್ದ ಇನ್ನೊಂದು ಪಂಪೂ ಕಟ್ಟಿಕೊಂಡಿತಂತೆ. ಚರಂಡಿಗಳು ಉಕ್ಕಿ ರಸ್ತೆಗೆ ಬಂದಿವೆ. ಪಕ್ಕದ ಮನೆಯಾಕೆ ಮೂಗಿಗೆ ಸೆರಗು ಹಿಡಿದು "ಆ ಪಂಪ್‌ಹೌಸಿನೋರು ಕತ್ತೆ ಕಾಯ್ತಿದಾರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಸಂಜೆ ವಾಲ್ವ್ ಮಾವ, ಕುಳ್ಳಣ್ಣ ಇಬ್ಬರೂ ಬಂದರು. ನಿನ್ನೆ ಬೆಳಗ್ಗೆ ಮಾವ ಮತ್ತೆ ಕೆಲಸಕ್ಕೆ ಹೋದಾಗ ಮೇಲ್ವಿಚಾರಕ ಇಳಿಯಿರಿ ಎಂದನಂತೆ. ಮಾವ ಮೂಗು ನಿಲ್ಲುವುದಿಲ್ಲ ಎಂದನಂತೆ. ಹಾಗಾದರೆ ಮನೆಗೆ ಹೋಗು ಎಂದದ್ದಕ್ಕೆ ಹೊರಟೇಬಿಟ್ಟನಂತೆ. ಹಿಂದೆಯೇ ಕುಳ್ಳಣ್ಣ. ಅವನ ಹಿಂದೆ ಉಳಿದ ಇಬ್ಬರು. ಮಧ್ಯಾಹ್ನದ ಪಾಳಿಯವರೂ ಇಳಿಯಲಿಲ್ಲ.

"ಆಫೀಸಿನ ಮುಂದಿನ ರಸ್ತೇಲೂ ಉಕ್ಕಿದೆ ಕಣಮ್ಮ" ಎಂದ ಕುಳ್ಳಣ್ಣ. "ಇವತ್ತು ಮೂರು ಗಂಟೆಗೆ ಕಾರಲ್ಲಿ ಮೀಟರ್ ಬಂತು ನೋಡು, ಹೊಚ್ಚ ಹೊಸದು! ಇಷ್ಟು ವರ್ಷ ಅದು ಯಾವ ದೇಶದಲ್ಲಿ ತಯಾರಾಗ್ತಿತ್ತೋ ಏನೋ."

ಮಾವ ಜೇಬಿನಿಂದ ಒಂದು ಪುಟ್ಟ ಪುಸ್ತಿಕೆ ತೆಗೆದ. "ಮೇಲ್ವಿಚಾರಕನಿಗೂ ಬರಲ್ಲ ಅದನ್ನ ಆನ್ ಮಾಡೋಕೆ. ಡಬ್ಬಿ ತೆಗೆದು ಮಿಕಿಮಿಕಿ ನೋಡ್ತಾ ನಿಂತ. ನಮ್ಮೋರು ಹೇಳ್ಬಿಟ್ರು, ಅವಳು ಬಂದು ತೋರಿಸ್ಲಿ, ಅವಳು ಇಳೀಬಹುದು ಅಂದ್ರೆ ಇಳೀತೀವಿ, ಇಲ್ಲಾಂದ್ರೆ ಇಲ್ಲ ಅಂತ. ಬರ್ತೀಯಾ?"

ನಾನು ಪುಸ್ತಿಕೆ ತೆರೆದೆ. ಮೊದಲು ಶುದ್ಧ ಗಾಳಿಯಲ್ಲಿ ಸೊನ್ನೆಗೆ ತರಬೇಕು. ಆಮೇಲೆ ಹಗ್ಗಕ್ಕೆ ಕಟ್ಟಿ ಇಳಿಸಬೇಕು. ಮೇಲೆ, ನಡುವೆ, ತಳದಲ್ಲಿ, ಹೀಗೆ ಮೂರು ಕಡೆ ನಿಲ್ಲಿಸಿ ನೋಡಬೇಕು. ತಳದ ಕೆಸರು ಕದಡಿದಾಗ ಅನಿಲ ಏಕಾಏಕಿ ಏರುತ್ತದೆ. ಆದ್ದರಿಂದ ಇಳಿದವನ ಎದೆಯ ಮೇಲೂ ಒಂದು ಮೀಟರ್ ಇರಬೇಕು. ಒಂದೇ ಕೊಟ್ಟಿದ್ದಾರೆ.

"ಇನ್ನೊಂದು ಬರೋವರ್ಗೂ ಯಾರೂ ಇಳಿಯೋ ಹಾಗಿಲ್ಲ ಮಾವಾ. ಬೆಳಗ್ಗೆ ನಾನೇ ಮೇಲ್ವಿಚಾರಕರಿಗೆ ಹೇಳ್ತೀನಿ."

"ಊರು ನಾರತ್ತಲ್ಲಮ್ಮಾ?" ಎಂದ ಕುಳ್ಳಣ್ಣ.

"ನಾರಲಿ" ಎಂದಳು ಅಮ್ಮ, ಯಂತ್ರದಿಂದ ತಲೆ ಎತ್ತದೆ.

ಪುಸ್ತಿಕೆ ಇಪ್ಪತ್ತೆರಡು ಪುಟ ಇದೆ. ಹದಿನಾಲ್ಕರವರೆಗೆ ಓದಿದ್ದೇನೆ. ಮೊದಲ ಪಾಳಿ ಆರು ಗಂಟೆಗೆ ಶುರು. ಐದೂಮುಕ್ಕಾಲಿಗೆ ನಾನು ಅಲ್ಲಿರಬೇಕು.